ಎತ್ತರಕ್ಕೂ ಒಂದು ಔಚಿತ್ಯ

ಬೀದರ ಪಟ್ಟಣದ ನಡುವೆ, ನಾಲ್ಕು ದಾರಿಗಳು ಕೂಡುವ ಸ್ಥಳದಲ್ಲಿ, ಚೌಬಾರವೆಂಬ ದುಂಡನೆಯ ಗೋಪುರವೊಂದು ನಿಂತಿದೆ. ಅದರ ಎತ್ತರ 71 ಅಡಿ. ಇಂದಿನ ಅಳತೆಯಲ್ಲಿ ಸುಮಾರು 22 ಮೀಟರ್. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಎತ್ತರದ ಕಟ್ಟಡಗಳ ವರ್ಗಕ್ಕೆ ಸೇರುತ್ತದೆ. ಈ ಲೆಕ್ಕದಲ್ಲಿ ಬೀದರ ಪಟ್ಟಣವು ಎತ್ತರದ ಕಟ್ಟಡವನ್ನು ಕಂಡು ಶತಮಾನಗಳೇ ಸಂದಿವೆ. ಆದ್ದರಿಂದ ಚಾರಿತ್ರಿಕ ಪಟ್ಟಣವೊಂದರಲ್ಲಿ ಎತ್ತರದ ಕಟ್ಟಡ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು, ಹಳೆಯದೆಲ್ಲ ತಗ್ಗು, ಹೊಸದೆಲ್ಲ ಎತ್ತರ ಎಂದು ಭಾವಿಸಿ ಬಿಡಿಸಲಾಗದು. ಎಷ್ಟು ಎತ್ತರ, ಯಾರಿಗಾಗಿ, ಯಾವುದರ ಪಕ್ಕದಲ್ಲಿ, ಯಾರ ವೆಚ್ಚದಲ್ಲಿ ಎಂದು ಕೇಳಿದಾಗ ಅದು ಕೇವಲ ಎಂಜಿನಿಯರರ ಪ್ರಶ್ನೆಯಾಗಿ ಉಳಿಯದೆ ನೀತಿಯ ಪ್ರಶ್ನೆಯಾಗುತ್ತದೆ.

ಗಗನಚುಂಬಿ ಎನ್ನಬಹುದಾದ ಕಟ್ಟಡ ಬೀದರಿನಲ್ಲಿ ಇನ್ನೂ ತಲೆಯೆತ್ತಿಲ್ಲ. ಆದರೆ ಹೈದರಾಬಾದಿನ ಪಶ್ಚಿಮ ಹೊರವಲಯದಲ್ಲಿ, ಅಂದರೆ ನಮ್ಮ ಕಡೆಗೆ ಮುಖ ಮಾಡಿದ ಮಗ್ಗುಲಲ್ಲಿಯೇ, ಐವತ್ತು ಅಂತಸ್ತುಗಳನ್ನು ಮೀರಿದ ವಸತಿ ಗೋಪುರಗಳು ಎದ್ದಿವೆ. ಕೆಳಗೆ ಅಂಗಡಿ, ಅದರ ಮೇಲೆ ಕಚೇರಿ, ಇನ್ನೂ ಮೇಲೆ ಮನೆ, ನಡುವೆ ವ್ಯಾಯಾಮಶಾಲೆ, ಈಜುಕೊಳ: ಹೀಗೆ ಒಂದು ಊರನ್ನೇ ಲಂಬವಾಗಿ ನಿಲ್ಲಿಸುವ ಮಾದರಿ ಅದು. 2017ರಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ತೆರೆಯಿತು; 2020ರಲ್ಲಿ ನಾಗರಿಕ ವಿಮಾನಯಾನ ಆರಂಭವಾಯಿತು. ದಾರಿಗಳು ತೆರೆದಂತೆ ಮಾದರಿಗಳೂ ಬರುತ್ತವೆ. ಬಂದ ಮೇಲೆ ಯೋಚಿಸುವುದಕ್ಕಿಂತ ಬರುವ ಮುನ್ನ ಯೋಚಿಸುವುದು ವಿವೇಕ. ವಿವೇಕವನ್ನು ಧರ್ಮಸಭೆಯು ನಾಲ್ಕು ಮೂಲಸದ್ಗುಣಗಳಲ್ಲಿ ಮೊದಲನೆಯದೆಂದು ಎಣಿಸಿರುವುದು ಸುಮ್ಮನೆ ಅಲ್ಲ.

ಎತ್ತರದ ಪರವಾದ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ 17 ಲಕ್ಷ ದಾಟಿತ್ತು. ನಗರವೊಂದರಲ್ಲಿಯೇ ಎರಡು ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಯುವಕರು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ಹೊರಡುತ್ತಾರೆ. ಜಿಲ್ಲಾ ಕೇಂದ್ರದಲ್ಲಿಯೇ ಓದು, ದುಡಿಮೆ, ಆಸ್ಪತ್ರೆ, ಮನೆ ಇವು ಒಂದೆಡೆ ದೊರೆತರೆ ಅವರಲ್ಲಿ ಕೆಲವರಾದರೂ ಇಲ್ಲಿಯೇ ನಿಲ್ಲಬಹುದು. ನಗರವು ಅಡ್ಡಡ್ಡ ಹಬ್ಬಿದರೆ ಸುತ್ತಲಿನ ತೊಗರಿ, ಹೆಸರು, ಸೋಯಾ ಬೆಳೆಯುವ ಹೊಲಗಳು ನಿವೇಶನಗಳಾಗುತ್ತವೆ. ಒಮ್ಮೆ ನಿವೇಶನವಾದ ಹೊಲ ಮತ್ತೆ ಹೊಲವಾಗುವುದಿಲ್ಲ. ಹೀಗಿರುವಾಗ ಮೇಲಕ್ಕೆ ಕಟ್ಟಿ ಕೆಳಗಿನ ಮಣ್ಣನ್ನು ಉಳಿಸುವುದು ತಪ್ಪೇ? ಈ ಪ್ರಶ್ನೆಗೆ ಬಲವಿದೆ. ಹಳೆಯ ಕಲ್ಲುಗಳ ಮೇಲಿನ ಪ್ರೀತಿಯೊಂದನ್ನೇ ಮುಂದಿಟ್ಟು ಅದನ್ನು ತಳ್ಳಿಹಾಕುವವರು ಸ್ವತಃ ಸೂರಿನ ಚಿಂತೆಯಿಲ್ಲದವರಾಗಿರುತ್ತಾರೆ.

ಹಳೆಯದೂ ಒಮ್ಮೆ ಹೊಸದಾಗಿತ್ತು

ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹನು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಅರ್ಧ ಶತಮಾನದೊಳಗೆ, 1472ರಲ್ಲಿ, ಮಂತ್ರಿ ಮಹಮೂದ್ ಗವಾನನ ಮದರಸಾ ಎದ್ದಿತು. ಗವಾನನು ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಬಂದವನು. ಆತನ ಮದರಸಾ ಮೂರು ಅಂತಸ್ತಿನದು. ಉಪನ್ಯಾಸದ ಅಂಗಳಗಳು, ಗ್ರಂಥಾಲಯ, ಮಸೀದಿ, ಗುರುಗಳ ಮನೆಗಳು, ವಿದ್ಯಾರ್ಥಿಗಳ ಕೋಣೆಗಳು ಎಲ್ಲವೂ ಒಂದೇ ಕಟ್ಟಡದಲ್ಲಿದ್ದವು. ಮೈಮೇಲೆ ಇರಾನಿ ಮಾದರಿಯ ಬಣ್ಣದ ಹೆಂಚುಗಳು, ಮೂಲೆಯಲ್ಲಿ ಮಿನಾರು. ಅಂದಿನ ಬೀದರಿನ ನಿವಾಸಿಗೆ ಅದು ಪರದೇಶದಿಂದ ಬಂದು ಇಳಿದ ಕಟ್ಟಡದಂತೆಯೇ ತೋರಿರಬೇಕು. ವಾಸ, ವಿದ್ಯೆ, ಉಪಾಸನೆ ಕೂಡಿದ ಬಹು ಉಪಯೋಗದ ಎತ್ತರದ ಕಟ್ಟಡವೆಂದರೆ ಅದೇ. ಇಂದು ನಾವು ಪರಂಪರೆಯೆಂದು ಕಾಯುತ್ತಿರುವುದೂ ಅದನ್ನೇ.

ಹಾಗಾದರೆ ನಾಳೆ ಎದ್ದೇಳಬಹುದಾದ ಗೋಪುರವನ್ನು ಅದು ಹೊಸದು, ಅನ್ಯವಾದುದು ಎಂಬ ಕಾರಣಕ್ಕೆ ನಿರಾಕರಿಸುವ ಹಕ್ಕು ನಮಗಿಲ್ಲ. ಬೇರೆ ಮಾನದಂಡ ಬೇಕು. ಅದನ್ನು ನಮ್ಮ ನಾಡಿನ ಚಿಂತನೆಯಿಂದಲೇ ಪಡೆಯಬಹುದು. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಕಾವ್ಯದ ಜೀವವನ್ನು ಔಚಿತ್ಯದಲ್ಲಿ ಕಂಡನು. ಯಾವುದು ಯಾವುದಕ್ಕೆ ತಕ್ಕುದೋ ಅದೇ ಉಚಿತ. ಸೊಂಟದ ಪಟ್ಟಿ ಎಷ್ಟೇ ಬೆಲೆಯದಾದರೂ ಕೊರಳಿಗೆ ಹಾಕಿದರೆ ನಗೆಪಾಟಲಾಗುತ್ತದೆ. ಸಂತ ಥಾಮಸ್ ಅಕ್ವಿನಾಸರೂ ಮಹತ್ತಾದ ಕಾರ್ಯಗಳನ್ನು ಕೈಗೊಳ್ಳುವುದನ್ನು ಒಂದು ಸದ್ಗುಣವೆಂದೇ ಪರಿಗಣಿಸಿದರು. ಆದರೆ ವೆಚ್ಚವೂ ಗಾತ್ರವೂ ಕಾರ್ಯದ ಉದ್ದೇಶಕ್ಕೆ ಅನುಗುಣವಾಗಿರಬೇಕೆಂದು ಸೇರಿಸಿದರು. ಹಿರಿದನ್ನು ಕಟ್ಟುವುದು ಪಾಪವಲ್ಲ. ಅಳತೆ ತಪ್ಪಿ ಕಟ್ಟುವುದು ದೋಷ.

ಗವಾನನ ಮದರಸಾ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಅದರ ಎತ್ತರ ವಿದ್ಯೆಯನ್ನು ದೂರದಿಂದಲೇ ಸಾರುತ್ತಿತ್ತು. ಅಲ್ಲಿನ ಮೂರು ಸಾವಿರ ಗ್ರಂಥಗಳು ಕಲಿಯಬಂದವರಿಗಾಗಿ ಇದ್ದವು. ಅಷ್ಟನ್ನು ಕಟ್ಟಿಸಿದ ಮಂತ್ರಿಯು ತಾನು ಮಾತ್ರ ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಿದ್ದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಇದೇ ಕಟ್ಟಡ ಮುಂದೆ ಇನ್ನೊಂದು ಪಾಠವನ್ನೂ ಕಲಿಸಿತು. ಔರಂಗಜೇಬನ ಆಳ್ವಿಕೆಯಲ್ಲಿ ಅಲ್ಲಿ ಸೈನಿಕರ ಸಿಡಿಮದ್ದನ್ನು ಇರಿಸಲಾಗಿತ್ತು. 1696ರಲ್ಲಿ ಅದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಇಂದಿಗೂ ಒಂದು ಮಿನಾರು ನಿಂತಿದೆ, ಅದರ ಜೊತೆಯದು ಇಲ್ಲ. ಕಟ್ಟಡದೊಳಗೆ ಏನನ್ನು ಯಾವುದರ ಜೊತೆ ಇಡುತ್ತೇವೆ ಎಂಬುದು ಅದರ ಹೊರನೋಟದಷ್ಟೇ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬಹು ಉಪಯೋಗದ ಕಟ್ಟಡವೆಂದರೆ ಬಾಡಿಗೆ ಬರುವ ಎಲ್ಲವನ್ನೂ ಒಂದೆಡೆ ತುಂಬುವುದಲ್ಲ. ಮಕ್ಕಳು ಮಲಗುವ ಮನೆಯ ಕೆಳಗೆ ಯಾವ ವ್ಯಾಪಾರ ಇರಬಹುದು, ಯಾವುದು ಇರಬಾರದು ಎಂಬ ವಿವೇಚನೆ ಅದರ ಮೊದಲ ಷರತ್ತು.

ನೆಲದಡಿಯ ನೆರೆಹೊರೆ

ನೆರೆಹೊರೆಯೆಂದಾಗ ನಾವು ಅಕ್ಕಪಕ್ಕವನ್ನು ಮಾತ್ರ ನೋಡುತ್ತೇವೆ. ಬೀದರಿನಲ್ಲಿ ನೆಲದ ಕೆಳಗೂ ನೆರೆಯಿದೆ. ಈ ಊರು ಕುಳಿತಿರುವುದು ಜಂಬಿಟ್ಟಿಗೆಯ ಎತ್ತರದ ಮೇಲೆ. ಸ್ಪಂಜಿನಂತೆ ತೂತುತೂತಾದ ಆ ಕೆಂಪುಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅಡಿಯ ಗಟ್ಟಿ ಕಪ್ಪುಕಲ್ಲು ಅದನ್ನು ತಡೆಯುತ್ತದೆ. ಎರಡು ಕಲ್ಲುಗಳ ನಡುವಿನ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರು ನಾನಕರ ಹೆಸರಿನ ಝೀರಾ, ನರಸಿಂಹ ಝರಣಿಯ ಗುಹೆಯ ನೀರು ಇವೆಲ್ಲ ಆ ಗರ್ಭದ ಕೊಡುಗೆಗಳೇ. ಸಿಖ್ಖರೂ ಹಿಂದೂಗಳೂ ತಮ್ಮ ತಮ್ಮ ಭಕ್ತಿಯಿಂದ ಕೈಯೊಡ್ಡುವ ನೀರು ಒಂದೇ ಬಂಡೆಯ ಮಡಿಲಿನದು.

ಬಹಮನಿಯರ ಕಾಲದಲ್ಲಿ ಇರಾನಿ ತಂತ್ರಜ್ಞಾನವನ್ನು ಬಳಸಿ ಇದೇ ನೀರನ್ನು ಸುರಂಗಗಳ ಮೂಲಕ ಊರಿಗೆ ಹರಿಸಲಾಯಿತು. ಕರೇಜ್ ಎಂದೂ ಜನರ ಬಾಯಲ್ಲಿ ಸುರಂಗ ಬಾವಿ ಎಂದೂ ಕರೆಯಲ್ಪಡುವ ಈ ವ್ಯವಸ್ಥೆಯ ಕುರುಹುಗಳು ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿಗಳಲ್ಲಿ ಉಳಿದಿವೆ. ತಳದಲ್ಲಿ ಇಳಿಜಾರಾದ ಕಾಲುವೆ. ಅಲ್ಲಲ್ಲಿ ಗಾಳಿಗೂ ಹೂಳೆತ್ತುವುದಕ್ಕೂ ಮೇಲಿನಿಂದ ಕೊರೆದ ಬಾವಿಗಳು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ನೀರು ತನ್ನ ಭಾರದಿಂದ ತಾನೇ ಹರಿಯುತ್ತದೆ. ಎಷ್ಟೋ ವರ್ಷ ಮರೆತುಹೋಗಿದ್ದ ಈ ವ್ಯವಸ್ಥೆಯ ಮೇಲೆ ಕಳೆದ ದಶಕದಲ್ಲಿ ಸಂಶೋಧಕರೂ ಸ್ಥಳೀಯ ಯುವಜನರೂ ಮತ್ತೆ ಬೆಳಕು ಹರಿಸಿದರು. 2014ರಲ್ಲಿ ಜಾಗತಿಕ ಸ್ಮಾರಕ ನಿಧಿಯು ಬೀದರದ ಚಾರಿತ್ರಿಕ ನಗರವನ್ನು ತನ್ನ ಕಾಳಜಿಯ ಪಟ್ಟಿಯಲ್ಲಿ ಸೇರಿಸಿತು. ಅದೇ ವರ್ಷ ದಖ್ಖನಿನ ಸುಲ್ತಾನರ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು.

ಈಗ ಗೋಪುರದ ವಿಷಯಕ್ಕೆ ಬರೋಣ. ಎತ್ತರದ ಕಟ್ಟಡ ಮೇಲಕ್ಕೆ ಹೋದಷ್ಟೂ ಕೆಳಕ್ಕೂ ಹೋಗಬೇಕು. ಆಳವಾದ ತಳಪಾಯ, ವಾಹನಗಳಿಗಾಗಿ ಎರಡು ಮೂರು ನೆಲಮಾಳಿಗೆ, ನೂರಾರು ಅಡಿಗಳ ಕೊಳವೆಬಾವಿ. ಇವುಗಳಲ್ಲಿ ಯಾವುದೇ ಒಂದು ಸುರಂಗದ ದಾರಿಯನ್ನು ಕತ್ತರಿಸಿದರೆ ಅದರ ಕೆಳಭಾಗದ ಊರಿನ ನೀರು ನಿಲ್ಲುತ್ತದೆ. ಕತ್ತರಿಸಿದವನಿಗೆ ಅದು ಗೊತ್ತೂ ಆಗುವುದಿಲ್ಲ. ಕಣ್ಣಿಗೆ ಬೀಳುವ ಮಿನಾರಿಗೆ ನೆರಳು ಬಿದ್ದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಕಣ್ಣಿಗೆ ಬೀಳದ ಕಾಲುವೆ ಮುಚ್ಚಿದರೆ ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುವ ತಾಯಂದಿರಿಗೆ ಮಾತ್ರ ತಿಳಿಯುತ್ತದೆ.

ಇನ್ನೂ ದೂರದ ನೆರೆಯೂ ಇದೆ. ಕಾರಂಜಾ ಜಲಾಶಯ ಇರುವುದು ಭಾಲ್ಕಿ ತಾಲ್ಲೂಕಿನಲ್ಲಿ. ಅದರ ನೀರು ನಿಲ್ಲಲು ರೈತರ ಹೊಲಮನೆಗಳು ಮುಳುಗಿದವು. ಮಾಂಜ್ರಾ ನದಿ ಹರಿಯುವುದು ಭಾಲ್ಕಿ, ಔರಾದಗಳ ನೆಲದಲ್ಲಿ. ಬೀದರಿನಲ್ಲಿ ಇಪ್ಪತ್ತನೆಯ ಅಂತಸ್ತಿಗೆ ನೀರು ಏರಬೇಕಾದರೆ ಅದು ಎಲ್ಲಿಂದಲೋ ಇಳಿದು ಬಂದಿರಬೇಕು. ಮೇಲಿನ ತೊಟ್ಟಿ ತುಂಬಿಸುವವರು ಕೆಳಗಿನ ಹಳ್ಳಿಯ ಬಾಯಾರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಅಂಥ ವಿನ್ಯಾಸ ನಕಾಶೆಯಲ್ಲಿ ಎಷ್ಟೇ ಅಂದವಾಗಿದ್ದರೂ ಅನ್ಯಾಯದ ವಿನ್ಯಾಸವೇ ಸರಿ.

ಒಡೆತನವೂ ಉಪಭೋಗವೂ

‘ನಿವೇಶನ ನನ್ನದು, ಹಣ ನನ್ನದು, ನನ್ನ ಆಕಾಶಕ್ಕೆ ಮಿತಿ ಹಾಕಲು ನೀವು ಯಾರು?’ ಎಂದು ಒಡೆಯನು ಕೇಳಬಹುದು. ಅಕ್ವಿನಾಸರು ಈ ಪ್ರಶ್ನೆಗೆ ಸೂಕ್ಷ್ಮವಾದ ಉತ್ತರ ಕೊಟ್ಟಿದ್ದಾರೆ. ವಸ್ತುಗಳನ್ನು ಸಂಪಾದಿಸುವ, ನಿರ್ವಹಿಸುವ ವಿಷಯದಲ್ಲಿ ಖಾಸಗಿ ಒಡೆತನ ನ್ಯಾಯಸಮ್ಮತ. ಏಕೆಂದರೆ ತನ್ನದೆಂಬ ಭಾವವಿದ್ದಲ್ಲಿ ಮನುಷ್ಯ ಹೆಚ್ಚು ಜಾಗ್ರತೆ ವಹಿಸುತ್ತಾನೆ. ಆದರೆ ಅವುಗಳ ಉಪಭೋಗದ ವಿಷಯದಲ್ಲಿ ಮನುಷ್ಯನು ಅವುಗಳನ್ನು ಎಲ್ಲರಿಗೂ ಸೇರಿದವೆಂಬಂತೆ ಕಾಣಬೇಕು, ಅಗತ್ಯವುಳ್ಳವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ನಿವೇಶನದ ಒಡೆತನ ನೆಲದ ಮೇಲಿನದು. ಆ ನೆಲದ ಮೇಲೆ ಬೀಸುವ ಗಾಳಿ, ನೆರೆಮನೆಯ ಅಂಗಳಕ್ಕೆ ಬೀಳುವ ಬಿಸಿಲು, ಅಡಿಯಲ್ಲಿ ಹರಿಯುವ ನೀರು, ಅಷ್ಟೂರಿನ ಗುಮ್ಮಟಗಳು ಬೆಳಗಿನ ಬೆಳಕಿನಲ್ಲಿ ತೋರುವ ನೋಟ ಇವು ಯಾರ ಖಾತೆಯಲ್ಲೂ ನಮೂದಾಗಿಲ್ಲ. ಅಷ್ಟೂರಿನಲ್ಲಿರುವ ಅಹಮದ್ ಶಾಹನ ಗೋರಿಗೆ ಮುಸ್ಲಿಮರೂ ಲಿಂಗಾಯತರೂ ಕೂಡಿಯೇ ಉರುಸು ನಡೆಸುತ್ತಾರೆ. ಇಂಥ ಸ್ಥಳದ ನೋಟವನ್ನು ಒಬ್ಬನ ಬಾಲ್ಕನಿಗೆ ಮಾತ್ರ ಉಳಿಸಿ ಉಳಿದವರಿಗೆ ಗೋಡೆಯನ್ನು ಬಿಡುವುದು ಒಂದು ಬಗೆಯ ಕಸಿದುಕೊಳ್ಳುವಿಕೆ.

ಕಾನೂನು ಇದನ್ನು ಒಂದಷ್ಟು ಮಟ್ಟಿಗೆ ಗುರುತಿಸಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗಿನ ಪ್ರದೇಶ ನಿಷೇಧಿತ; ಅದರಾಚೆ 200 ಮೀಟರ್‌ವರೆಗಿನದು ನಿಯಂತ್ರಿತ. ಆದರೆ ಮೀಟರುಗಳಿಂದ ಅಳೆಯುವ ಕಾನೂನಿಗೆ ಎರಡು ಕೊರತೆಗಳಿವೆ. ಮೊದಲನೆಯದು, ಎತ್ತರ ದೂರದಿಂದಲೂ ತೊಂದರೆ ಮಾಡಬಲ್ಲದು. ಜರ್ಮನಿಯ ಕಲೋನ್ ನಗರದಲ್ಲಿ ಮಹಾದೇವಾಲಯದ ಎದುರಿಗೆ, ರೈನ್ ನದಿಯ ಆಚೆ ದಡದಲ್ಲಿ ಗೋಪುರಗಳ ಯೋಜನೆ ಸಿದ್ಧವಾದಾಗ, ಯುನೆಸ್ಕೋ 2004ರಲ್ಲಿ ಆ ದೇವಾಲಯವನ್ನು ಅಪಾಯದ ಪಟ್ಟಿಗೆ ಸೇರಿಸಿತು. ನಗರವು ಯೋಜನೆಯನ್ನು ತಗ್ಗಿಸಿತು; 2006ರಲ್ಲಿ ದೇವಾಲಯ ಆ ಪಟ್ಟಿಯಿಂದ ಹೊರಬಂದಿತು. ಇಂಗ್ಲೆಂಡಿನ ಲಿವರ್‌ಪೂಲ್ ಹಾಗೆ ಮಾಡಲಿಲ್ಲ; 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಿಂದಲೇ ಅದರ ಹೆಸರು ಅಳಿಯಿತು.

ಎರಡನೆಯ ಕೊರತೆ ಹೆಚ್ಚು ನೋವಿನದು. ಸ್ಮಾರಕದ ನೂರು ಮೀಟರಿನೊಳಗೆ ಬದುಕುವವರಲ್ಲಿ ಬಹುಪಾಲು ಸಾಮಾನ್ಯ ಜನ: ಬಿದರಿ ಕುಶಲಕರ್ಮಿಗಳು, ಸಣ್ಣ ಅಂಗಡಿಯವರು, ತಲೆಮಾರುಗಳಿಂದ ಅಲ್ಲಿಯೇ ಇರುವ ಕುಟುಂಬಗಳು. ಸೋರುವ ಮಾಳಿಗೆಯನ್ನು ದುರಸ್ತಿ ಮಾಡಲೂ ಅವರು ಅನುಮತಿಗಾಗಿ ಕಾಯಬೇಕು. ಪರಂಪರೆ ಎಲ್ಲರದು, ಅದರ ಭಾರ ಮಾತ್ರ ಇವರದು ಎಂದಾದರೆ ಅದು ನ್ಯಾಯವಲ್ಲ. ಹೊರವಲಯದಲ್ಲಿ ಹೆಚ್ಚುವರಿ ಅಂತಸ್ತಿಗೆ ಅನುಮತಿ ಪಡೆದು ಲಾಭ ಮಾಡುವವರಿಂದ ಒಂದು ಪಾಲನ್ನು ತೆಗೆದು ಒಳಪಟ್ಟಣದ ಮನೆಗಳ ದುರಸ್ತಿಗೆ ನೀಡುವುದು ಅಸಾಧ್ಯವೇನಲ್ಲ. ಬಯಲನ್ನು ಬಿಟ್ಟುಕೊಟ್ಟವನಿಗೆ ಪರಿಹಾರ ಕೊಡುವುದು, ಎತ್ತರವನ್ನು ಪಡೆದವನಿಂದ ಅದನ್ನು ಕೇಳುವುದು ವಿತರಣಾ ನ್ಯಾಯದ ಸರಳ ಪಾಠ.

ಕಲ್ಲು ಮತ್ತು ಮನುಷ್ಯ

ಇಲ್ಲೊಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಸ್ಥಾವರ ಜಂಗಮಗಳ ಭೇದವನ್ನು ಬೋಧಿಸಿದರು. ನಿಂತ ಕಲ್ಲಿಗಿಂತ ಚಲಿಸುವ ಚೈತನ್ಯ ಹಿರಿದೆಂದು ಸಾರಿದರು. ಹಾಗಿರುವಾಗ ಹಳೆಯ ಕಲ್ಲುಗಳಿಗಾಗಿ ಇಂದಿನ ಜೀವಂತ ಮನುಷ್ಯರ ಸೂರನ್ನು ತಡೆಯುವುದು ಶರಣರ ನೆಲಕ್ಕೆ ಸಲ್ಲುತ್ತದೆಯೇ?

ಹಂಪೆಯ ಅನುಭವ ಈ ಆಕ್ಷೇಪಕ್ಕೆ ಪುಷ್ಟಿ ನೀಡುತ್ತದೆ. ತೂಗುಸೇತುವೆಗಳ ಕಾರಣದಿಂದ 1999ರಲ್ಲಿ ಹಂಪೆ ಅಪಾಯದ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂದಿತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ನದಿ ದಾಟುವ ಬಡವರ ಅಗತ್ಯ ಬಹುಕಾಲ ಹಾಗೆಯೇ ಉಳಿಯಿತು. 2011ರ ಜುಲೈಯಲ್ಲಿ ವಿರೂಪಾಕ್ಷ ದೇಗುಲದ ಮುಂದಿನ ಬೀದಿಯ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ ಅಂಗಡಿಗಳನ್ನು ಕೆಡವಲಾಯಿತು. ಪರಂಪರೆಯ ಹೆಸರಿನಲ್ಲಿ ಜನರನ್ನು ಹೊರಹಾಕಿದ ಬಳಿಕ ಉಳಿಯುವ ಬೀದಿ ಪ್ರವಾಸಿಗನ ಛಾಯಾಚಿತ್ರಕ್ಕೆ ಚೆನ್ನ. ಬೀದಿಯೆಂಬ ಹೆಸರಿಗೆ ಮಾತ್ರ ಅರ್ಥವಿಲ್ಲ.

ಆದರೆ ಶರಣರ ಮಾತಿನಿಂದ ಕಲ್ಲುಗಳನ್ನು ಕೆಡವಲು ಪರವಾನಗಿ ಸಿಗುವುದೆಂದು ತಿಳಿಯುವುದು ಅವಸರದ ತೀರ್ಮಾನ. ಗಗನಚುಂಬಿಯೂ ಸ್ಥಾವರವೇ, ಹಳೆಯದಕ್ಕಿಂತ ದೊಡ್ಡ ಸ್ಥಾವರ. ಒಂದು ಸ್ಥಾವರದ ಬದಲು ಇನ್ನೊಂದನ್ನು ನಿಲ್ಲಿಸುವುದರಿಂದ ಜಂಗಮಕ್ಕೆ ಗೌರವ ಸಂದಂತಾಗದು. ಯಾವ ಕಟ್ಟಡದೊಳಗೆ ಜನಜೀವನ ಹರಿಯುತ್ತದೆಯೋ ಅದೇ ಮಾನದಂಡ. ನಿಜಾಮರ ಆಡಳಿತದಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಿದ್ದಾಗ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಇದು ಈ ಭಾಗದ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಲ್ಲಿ ಹೊರಮುಖ ಬದಲಾಗಿದ್ದರೂ ಒಳಗಿನ ಉಸಿರು ಉಳಿಯಿತು. ಇಂದು ಹಲವು ನಗರಗಳಲ್ಲಿ ಇದರ ವಿರುದ್ಧ ನಡೆಯುತ್ತದೆ: ಹಳೆಯ ಮನೆಯ ಮುಂಗೋಡೆಯನ್ನು ಮಾತ್ರ ಉಳಿಸಿ, ಅದರ ಹಿಂದೆ ಮೂವತ್ತು ಅಂತಸ್ತನ್ನು ಎಬ್ಬಿಸಿ, ಪರಂಪರೆಯನ್ನು ಕಾಪಾಡಿದೆವೆಂದು ಹೇಳಿಕೊಳ್ಳುತ್ತಾರೆ. ಫಲಕ ಉಳಿದಿದೆ, ಪಾಠ ನಿಂತಿದೆ.

ಹಳೆಯದೆಂಬ ಕಾರಣಕ್ಕೆ ಎಲ್ಲವೂ ಒಳ್ಳೆಯದಲ್ಲವೆಂಬುದನ್ನು ಭಾಲ್ಕಿ, ಔರಾದದ ಗಡಿಭಾಗದವರಿಗೆ ಹೇಳಿಕೊಡಬೇಕಿಲ್ಲ. 1993ರ ಸೆಪ್ಟೆಂಬರ್ 30ರ ಮುಂಜಾನೆ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಎತ್ತರದ ಕಟ್ಟಡವಲ್ಲ. ಕೆಸರಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆಗಳು, ಮಣ್ಣು ಹೇರಿದ ಭಾರವಾದ ಮಾಳಿಗೆಗಳು. ಅಜ್ಜ ಮುತ್ತಜ್ಜರು ಕಟ್ಟಿದ ಮಾದರಿಯೇ ಮೊಮ್ಮಕ್ಕಳ ಮೇಲೆ ಬಿದ್ದಿತು. ತಗ್ಗಾದದ್ದೆಲ್ಲ ಸುರಕ್ಷಿತ, ಹಳೆಯದೆಲ್ಲ ಪವಿತ್ರ ಎನ್ನುವವರು ಕಿಲ್ಲಾರಿಯನ್ನು ನೆನೆಯಬೇಕು. ಹೊಸದಾಗಿ ಎತ್ತರಿಸುವವರೂ ಅದನ್ನೇ ನೆನೆಯಬೇಕು. ಏಕೆಂದರೆ ಈ ಭೂಮಿ ನಡುಗುವುದಿಲ್ಲವೆಂಬ ನಂಬಿಕೆ ಅಂದೇ ಕುಸಿಯಿತು.

ಎತ್ತರವಿಲ್ಲದೆಯೂ ನೆಲೆ

ಹೆಚ್ಚು ಜನರಿಗೆ ಸೂರು ಬೇಕಾದರೆ ಗಗನಚುಂಬಿಯೇ ದಾರಿ ಎಂಬ ಮಾತು ಪೂರ್ಣ ಸತ್ಯವಲ್ಲ. ಗೋಪುರದಿಂದ ಗೋಪುರಕ್ಕೆ ಬೆಳಕಿಗಾಗಿ, ವಾಹನಗಳಿಗಾಗಿ ಎಡೆ ಬಿಡಬೇಕಾಗುತ್ತದೆ. ಅಷ್ಟೇ ನೆಲದ ಅಂಚಿನಲ್ಲಿ ನಾಲ್ಕೈದು ಅಂತಸ್ತಿನ ಸಾಲುಮನೆಗಳನ್ನು ಕಟ್ಟಿ ನಡುವೆ ಅಂಗಳ ಬಿಟ್ಟರೆ ಬಹಳಷ್ಟು ಕಡೆ ಅಷ್ಟೇ ಕುಟುಂಬಗಳು ನೆಲೆಸಬಹುದು. ಕೇಂಬ್ರಿಜಿನ ಲೆಸ್ಲಿ ಮಾರ್ಟಿನ್ ಮತ್ತು ಲಯನೆಲ್ ಮಾರ್ಚ್ ಇದನ್ನು ಗಣಿತದಿಂದ ತೋರಿಸಿದರು. ಯೂರೋಪಿನ ಅತ್ಯಂತ ದಟ್ಟ ನಗರಗಳಲ್ಲಿ ಒಂದಾದ ಪ್ಯಾರಿಸ್‌ನ ಬಹುಪಾಲು ಮನೆಗಳು ಆರೇಳು ಅಂತಸ್ತನ್ನು ಮೀರುವುದಿಲ್ಲ. 1973ರಲ್ಲಿ ಅಲ್ಲಿ 210 ಮೀಟರ್ ಎತ್ತರದ ಮೊಂಪರ್ನಾಸ್ ಗೋಪುರ ಎದ್ದ ಬಳಿಕ ನಗರವು 1977ರಲ್ಲಿ ಎತ್ತರಕ್ಕೆ ಮಿತಿ ಹಾಕಿತು.

ನಮ್ಮವರೇ ಆದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯ ಎರಡೂ ದಾರಿಗಳನ್ನು ಬಲ್ಲವರಾಗಿದ್ದರು. 1930ರಲ್ಲಿ ಸಿಕಂದರಾಬಾದಿನಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ 28 ಅಂತಸ್ತಿನ ಕಾಂಚನಜುಂಗಾ ವಸತಿ ಗೋಪುರವನ್ನು ವಿನ್ಯಾಸಗೊಳಿಸಿದರು. ಬಿಸಿಲು ಮಳೆಗಳಿಂದ ಮನೆಯನ್ನು ಕಾಯುವ ಹಳ್ಳಿಯ ಜಗಲಿಯನ್ನೇ ಅಲ್ಲಿ ಎರಡು ಅಂತಸ್ತಿನ ತೆರೆದ ಅಂಗಳವಾಗಿ ಮೇಲಕ್ಕೆ ಒಯ್ದರು. ಅದೇ ಕಾಲದಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಸಣ್ಣ ಆದಾಯದವರಿಗಾಗಿ ತಗ್ಗಿನ ಮನೆಗಳನ್ನು ರೂಪಿಸಿದರು. ಪ್ರತಿ ಮನೆಗೂ ತನ್ನದೇ ನೆಲ, ಆಕಾಶಕ್ಕೆ ತೆರೆದ ಅಂಗಳ, ಹಣ ಕೂಡಿದಂತೆ ಬೆಳೆಸುವ ಅವಕಾಶ. ನಮ್ಮ ದೇಶದ ಬಡವನ ಬದುಕು ಕೋಣೆಯೊಳಗೆ ಮಾತ್ರ ನಡೆಯುವುದಿಲ್ಲ. ಅಂಗಳ, ಹೊಸ್ತಿಲು, ಓಣಿ, ಕಟ್ಟೆಗಳಲ್ಲಿಯೂ ನಡೆಯುತ್ತದೆ ಎಂಬುದು ಅವರ ತಿಳಿವಳಿಕೆ. ಭಾಲ್ಕಿಯ ವಾಡೆಯ ಅಂಗಳವನ್ನು, ಔರಾದದ ಓಣಿಯ ಕಟ್ಟೆಯನ್ನು ಕಂಡವರಿಗೆ ಇದರ ಅರ್ಥವಾಗುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಬಹು ಉಪಯೋಗವೂ ನಮಗೆ ಹೊಸದಲ್ಲ. ಚೌಬಾರದಿಂದ ಹೊರಡುವ ಬೀದಿಗಳು ತಲೆಮಾರುಗಳಿಂದ ಹಾಗೆಯೇ ಬದುಕಿವೆ.

ಆದ್ದರಿಂದ ಬೀದರಿನಂಥ ಪಟ್ಟಣಕ್ಕೆ ಕೆಲವು ವಿವೇಕದ ನಿಯಮಗಳು ಸಾಧ್ಯವೆನಿಸುತ್ತದೆ. ಹಳೆಯ ಕೋಟೆಗೋಡೆಯೊಳಗೆ ಚೌಬಾರವನ್ನು ಮೀರುವ ಕಟ್ಟಡ ಬೇಡ; ಅಲ್ಲಿ ಬೇಕಾಗಿರುವುದು ದುರಸ್ತಿ. ಎತ್ತರ ಬೇಕಾದಲ್ಲಿ ಹೊರಗಿನ ಹೊಸ ಬಡಾವಣೆಗಳಿಗೆ ಹೋಗಲಿ. ಆದರೆ ಕೋಟೆ, ಮದರಸಾ, ಅಷ್ಟೂರು ಇವುಗಳ ನಡುವಣ ದೃಷ್ಟಿಯ ದಾರಿ ತೆರೆದಿರಲಿ. ಸುರಂಗ ಬಾವಿಗಳ ನಕ್ಷೆಯನ್ನು ಕಟ್ಟಡದ ಪರವಾನಗಿಯ ಜೊತೆಗೇ ನೋಡಲಿ. ಅವುಗಳ ಮೇಲೆ ನೆಲಮಾಳಿಗೆ ಬೇಡ. ತಾನು ಹೀರುವ ನೀರಿಗೆ ತಕ್ಕಷ್ಟು ಮಳೆನೀರನ್ನು ಪ್ರತಿ ಕಟ್ಟಡವೂ ಜಂಬಿಟ್ಟಿಗೆಗೆ ಮರಳಿ ಕೊಡಲಿ. ನೆಲಮಟ್ಟದ ಅಂಗಡಿಗಳು ಗೋಡೆಯೊಳಗೆ ಅಡಗದೆ ಬೀದಿಗೆ ಮುಖ ಮಾಡಲಿ. ಅವುಗಳಲ್ಲಿ ಬಿದರಿ ಕೆಲಸದವನಿಗೂ ತರಕಾರಿ ಮಾರುವವಳಿಗೂ ತೆರಬಹುದಾದ ಬಾಡಿಗೆಯಲ್ಲಿ ಸ್ಥಳವಿರಲಿ. ಅದೇ ಕಟ್ಟಡವನ್ನು ಎಬ್ಬಿಸಿದ ಕೂಲಿಕಾರನ ಕುಟುಂಬ ಅದರಲ್ಲಿ ಒಂದು ದಿನವೂ ವಾಸಿಸಲಾಗದ ಸ್ಥಿತಿ ಬಾರದಿರಲಿ.

ಗುರುಗಳಾದ ನಾವು ಮನೆಮನೆಗೆ ಹೋಗುವವರು. ಮನೆಗಳನ್ನು ಆಶೀರ್ವದಿಸುತ್ತೇವೆ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುತ್ತೇವೆ, ಸತ್ತವರನ್ನು ಕಳುಹಿಸಿಕೊಡುತ್ತೇವೆ. ಹಾಗಾಗಿ ಕಟ್ಟಡವನ್ನು ನೋಡುವ ನಮ್ಮ ಕಣ್ಣು ಕೊಂಚ ಬೇರೆ. ವಿದ್ಯುತ್ತು ಹೋದಾಗ ಎಂಟನೆಯ ಅಂತಸ್ತಿನ ಅಜ್ಜಿ ಹೇಗೆ ಇಳಿಯುತ್ತಾಳೆ? ಲಿಫ್ಟಿನಲ್ಲಿ ರೋಗಿಯ ಸ್ಟ್ರೆಚರು ಹಿಡಿಯುತ್ತದೆಯೇ? ಶವಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸದೆ, ಗೌರವದಿಂದ ಮಲಗಿಸಿಕೊಂಡೇ ಕೆಳಗೆ ತರಲು ಮೆಟ್ಟಿಲಿನ ತಿರುವು ಬಿಡುತ್ತದೆಯೇ? ನಕಾಶೆ ಬರೆಯುವವರು ವಾಹನ ತಿರುಗುವ ಅಳತೆಯನ್ನು ಕಲಿತಿರುತ್ತಾರೆ. ಮನುಷ್ಯನ ಕೊನೆಯ ಯಾತ್ರೆಯ ಅಳತೆಯನ್ನೂ ಕಲಿಯಲಿ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹೊಸ ಮನೆ ಕಟ್ಟುವವನಿಗೆ ಒಂದು ಆಜ್ಞೆಯಿದೆ: ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಬೇಕು, ಇಲ್ಲವಾದರೆ ಬಿದ್ದು ಸತ್ತವನ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ. ಎತ್ತರ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆಂಬ ನೀತಿಯನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಬಾಬೆಲಿನ ಕತೆಯನ್ನು ಎತ್ತರದ ವಿರುದ್ಧದ ಕತೆಯೆಂದು ಓದುವವರಿದ್ದಾರೆ. ಆದಿಕಾಂಡವನ್ನು ನಿಧಾನವಾಗಿ ಓದಿದರೆ ಅಲ್ಲಿನ ಜನರ ದೋಷ ಬೇರೆಯೆಡೆ ಕಾಣುತ್ತದೆ. ಅವರು ಗೋಪುರ ಬಯಸಿದ್ದು ಹೆಸರಿಗಾಗಿ. ಅದರಲ್ಲಿ ಯಾರು ವಾಸಿಸುವರು, ಯಾರಿಗೆ ನೆರಳಾಗುವುದು ಎಂಬ ಒಂದು ಮಾತೂ ಅಲ್ಲಿಲ್ಲ. ಕೊನೆಗೆ ಅವರಿಗೆ ಪರಸ್ಪರರ ಮಾತು ತಿಳಿಯದೆ ಹೋಯಿತು. ಹದಿನೈದನೆಯ ಅಂತಸ್ತಿನವನಿಗೆ ಮೂರನೆಯ ಅಂತಸ್ತಿನವನ ಹೆಸರು ತಿಳಿಯದ, ಒಳಗಿನವರಿಗೆ ಕಾವಲುಗಾರನ ಊರು ತಿಳಿಯದ ಕಟ್ಟಡದಲ್ಲಿ ಎಲ್ಲರೂ ಒಂದೇ ಭಾಷೆಯಾಡಿದರೂ ಬಾಬೆಲ್ ನಡೆದೇ ಇರುತ್ತದೆ. ದಿವಂಗತ ಜಗದ್ಗುರು ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ನಿಸರ್ಗದ ಜೊತೆಗೇ ಊರುಗಳ ಚರಿತ್ರೆ, ಕಲೆ, ಸಂಸ್ಕೃತಿಗಳನ್ನೂ ಕಾಪಾಡಬೇಕಾದ ಆಸ್ತಿಯೆಂದು ಪರಿಗಣಿಸಿದರು. ಅದೇ ಪತ್ರದಲ್ಲಿ ಮನೆಯಿಲ್ಲದವರ ಸಂಕಟವನ್ನೂ ಅಷ್ಟೇ ಗಂಭೀರವಾಗಿ ಎತ್ತಿದರು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಒಂದನ್ನು ಬಿಟ್ಟರೆ ಇನ್ನೊಂದೂ ಜಾರುತ್ತದೆ.

ಈ ಮಾತುಗಳನ್ನು ಬೇರೆಯವರಿಗೆ ಹೇಳಿ ಮುಗಿಸುವಂತಿಲ್ಲ. ನಮ್ಮ ಮಂದಿಯಲ್ಲಿಯೇ ಎಂಜಿನಿಯರರಿದ್ದಾರೆ, ಗುತ್ತಿಗೆದಾರರಿದ್ದಾರೆ, ನಿವೇಶನದ ಒಡೆಯರಿದ್ದಾರೆ. ಅನೇಕ ಊರುಗಳಲ್ಲಿ ದೇವಾಲಯದ ಆವರಣದಲ್ಲಿಯೇ ವಾಣಿಜ್ಯ ಸಂಕೀರ್ಣಗಳು ಎದ್ದು ಘಂಟಾಗೋಪುರ ಅವುಗಳ ಹಿಂದೆ ಸರಿದಿದೆ. ಮುಂದಿನ ನಕಾಶೆಗೆ ಸಹಿ ಹಾಕುವ ಮೊದಲು, ಅದು ಧರ್ಮಕೇಂದ್ರದ ಸಮಿತಿಯೇ ಇರಲಿ, ಮನೆಯ ಯಜಮಾನನೇ ಇರಲಿ, ಎರಡು ಕೆಲಸಗಳನ್ನು ಮಾಡಬಹುದು. ಆ ನಿವೇಶನದ ಸುತ್ತಲಿನ ಹತ್ತು ಮನೆಗಳಿಗೆ ಹೋಗಿ, ಎಷ್ಟು ಎತ್ತರ ಕಟ್ಟಲಿದ್ದೇವೆಂದು ತಿಳಿಸಿ, ಅವರ ಬಿಸಿಲೆಷ್ಟು, ನೀರೆಷ್ಟು ಎಂದು ಕೇಳುವುದು ಒಂದು. ಕಟ್ಟಡ ಮುಗಿದ ಮೇಲೆ ಅದನ್ನು ಕಟ್ಟಿದ ಕೂಲಿಯವನು ತನ್ನ ಮಕ್ಕಳನ್ನು ಕರೆತಂದು ‘ಇದನ್ನು ನಾನು ಕಟ್ಟಿದೆ’ ಎಂದು ಒಳಗೆ ಬಂದು ತೋರಿಸಲು ಬಾಗಿಲು ತೆರೆದಿರುವುದೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಇನ್ನೊಂದು. ಇವೆರಡಕ್ಕೂ ನೆಮ್ಮದಿಯ ಉತ್ತರ ದೊರೆತರೆ ಆ ಎತ್ತರ ಆ ಊರಿಗೆ ಉಚಿತವಾದ ಎತ್ತರವೇ ಆಗಿರುತ್ತದೆ.